ರೇಡಿಯೋ ಬಿಲ್ಲೆಗಳ ಹಾಜರಿ

ತರಗತಿಯಲ್ಲಿ ಹಾಜರಿ ಕರೆಯುವ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮರೆತವರಿರಲಾರರು. ಉಪಾಧ್ಯಾಯಿನಿಯವರು ಒಂದೊಂದೇ ಹೆಸರನ್ನು ಕರೆಯುವರು; ಆ ಹೆಸರಿನವಳು ಮಾತ್ರ ಉತ್ತರ ಕೊಡುವಳು; ಮಿಕ್ಕವರು ಸುಮ್ಮನಿರುವರು. ಆದರೆ ಉಪಾಧ್ಯಾಯಿನಿಯವರಿಗೆ ಒಬ್ಬಳ ಹೆಸರೂ ತಿಳಿಯದು, ಹುಡುಗಿಯರಿಗೆ ಒಬ್ಬರ ಧ್ವನಿ ಇನ್ನೊಬ್ಬರಿಗೆ ಕೇಳಿಸದು ಎಂದು ಭಾವಿಸೋಣ. ಆಗ ಹಾಜರಿಯನ್ನು ತೆಗೆದುಕೊಳ್ಳುವುದು ಹೇಗೆ? ರೇಡಿಯೋ ಗುರುತಿನ ಬಿಲ್ಲೆಗಳನ್ನು ಓದುವ ಯಂತ್ರದ ಕಷ್ಟವು ಇಂಥದೇ.

ಟ್ಯಾಗ್ ಎಂದು ಕರೆಯಲ್ಪಡುವ ಈ ಬಿಲ್ಲೆಯನ್ನು ನಮ್ಮಲ್ಲಿ ಅನೇಕರು ಕಂಡಿರುವೆವು. ಹೆದ್ದಾರಿಯ ಸುಂಕದ ಕಟ್ಟೆಗಾಗಿ ಮೋಟಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಇದೇ ಜಾತಿಯದು. ಇದರೊಳಗೆ ಒಂದು ಚಿಕ್ಕ ಚಿಪ್ ಮತ್ತು ತೆಳ್ಳಗಿನ ಆಂಟೆನಾ ಇರುವುವೇ ಹೊರತು ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರವು ಕಳುಹಿಸುವ ಅಲೆಯೇ ಇದಕ್ಕೆ ಶಕ್ತಿಯನ್ನು ಕೊಡುವುದು. ಮಕ್ಕಳು ಕೈಗನ್ನಡಿಯಿಂದ ಬಿಸಿಲನ್ನು ಹೊಳೆಯಿಸಿ ದೂರದವರಿಗೆ ಸನ್ನೆ ಮಾಡುವಂತೆ, ಬಿಲ್ಲೆಯು ಅದೇ ಅಲೆಯನ್ನು ಹೆಚ್ಚು ಕಡಿಮೆಯಾಗಿ ಹಿಂದಿರುಗಿಸಿ ತನ್ನ ಸಂಖ್ಯೆಯನ್ನು ತಿಳಿಸುವುದು. ಹೀಗೆ ಪ್ರತಿಫಲಿತ ಶಕ್ತಿಯಿಂದ ಸಂದೇಶ ಕಳುಹಿಸಬಹುದೆಂಬುದನ್ನು ಹ್ಯಾರಿ ಸ್ಟಾಕ್‌ಮನ್ ಎಂಬವರು 1948ರಲ್ಲೇ ಒಂದು ಲೇಖನದಲ್ಲಿ ವಿವರಿಸಿದ್ದರು.

ಬಿಲ್ಲೆಯು ಒಂದೇ ಆದರೆ ತೊಡಕಿಲ್ಲ. ಅನೇಕ ಬಿಲ್ಲೆಗಳು ಒಂದೇ ಕ್ಷಣದಲ್ಲಿ ಉತ್ತರಿಸಿದರೆ ಅಲೆಗಳು ಬೆರೆತು ಬರಿಯ ಗದ್ದಲವಾಗುವುದು. ಇದನ್ನು ಅಲ್ಪ ಸಂಗತಿಯೆಂದು ತಿಳಿಯಬಾರದು. ನಮ್ಮ ಶಾಲೆಯಲ್ಲಿ ಕಲಿತು ದಾದಿಯರಾದವರು ಬಲ್ಲರು, ಶಸ್ತ್ರಚಿಕಿತ್ಸೆಗೆ ಮುಂಚೆ ಎಣಿಸಿಟ್ಟ ಗಾಜ್ ಬಟ್ಟೆಗಳನ್ನು ಗಾಯ ಹೊಲಿಯುವ ಮೊದಲು ಪುನಃ ಎಣಿಸಬೇಕು. ಒಂದು ಬಟ್ಟೆ ದೇಹದೊಳಗೆ ಉಳಿದರೂ ರೋಗಿಯ ಪ್ರಾಣಕ್ಕೆ ಅಪಾಯವುಂಟು. ಈಗ ಕೆಲವು ಆಸ್ಪತ್ರೆಗಳಲ್ಲಿ ಇಂಥ ಬಟ್ಟೆಗಳಿಗೆ ರೇಡಿಯೋ ಬಿಲ್ಲೆಯನ್ನು ಸೇರಿಸಿ ಯಂತ್ರದಿಂದಲೂ ಎಣಿಸುತ್ತಾರೆ. ಇಪ್ಪತ್ತು ಬಟ್ಟೆಗಳು ಬುಟ್ಟಿಯಲ್ಲೇ ಇದ್ದು, ಧ್ವನಿಗಳ ಘರ್ಷಣೆಯಿಂದ ಎರಡು ಕೇಳಿಸದೆ ಹೋದರೆ, ಅವುಗಳನ್ನು ರೋಗಿಯ ದೇಹದಲ್ಲಿ ವ್ಯರ್ಥವಾಗಿ ಹುಡುಕಬೇಕಾಗುವುದು.

ಈ ತೊಡಕಿಗೆ ಪರಿಹಾರವು ಮೊದಲು ಬೇರೊಂದು ಕೆಲಸಕ್ಕಾಗಿ ದೊರೆಯಿತು. ಶಾಂತಸಾಗರದ ಹವಾಯಿ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಎಂಬ ಪಂಡಿತರೂ ಅವರ ಸಂಗಡಿಗರೂ 1971ರಲ್ಲಿ ದ್ವೀಪಗಳ ನಡುವೆ ಗಣಕಯಂತ್ರದ ಸಂದೇಶಗಳನ್ನು ರೇಡಿಯೋ ಮೂಲಕ ಕಳುಹಿಸಲಾರಂಭಿಸಿದರು. ಇದಕ್ಕೆ ‘ಅಲೋಹ’ ಎಂದು ಹೆಸರು. ಎರಡು ಸಂದೇಶಗಳು ಡಿಕ್ಕಿ ಹೊಡೆದರೆ, ಕಳುಹಿಸಿದವರಿಬ್ಬರೂ ಚೀಟಿ ಎತ್ತಿದಂತೆ ಬೇರೆ ಬೇರೆ ಹೊತ್ತು ಕಾದು ಮತ್ತೆ ಕಳುಹಿಸಬೇಕು. ಈ ಕ್ರಮದಲ್ಲಿ ಕಾಲದ ನೂರರಲ್ಲಿ 18 ಪಾಲು ಮಾತ್ರ ಸಫಲವಾಗಬಹುದು. ಕಾಲವನ್ನು ಸಮಾನ ಸರದಿಗಳಾಗಿ ಭಾಗಿಸಿ, ಸರದಿಯ ಆರಂಭದಲ್ಲೇ ಮಾತಾಡಬೇಕೆಂದು ಕಟ್ಟು ಮಾಡಿದರೆ ಅದು ಇಮ್ಮಡಿಯಾಗಿ ಸುಮಾರು 37ಕ್ಕೆ ಏರುವುದೆಂದು 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ತೋರಿಸಿದರು.

2004ರಲ್ಲಿ ಅಂಗೀಕೃತವಾದ ‘ಜೆನ್ 2’ ಎಂಬ ನಿಯಮಾವಳಿಯು ಇದೇ ಉಪಾಯವನ್ನು ಬಿಲ್ಲೆಗಳಿಗೆ ಕಲಿಸಿತು. ಯಂತ್ರವು “ಸರದಿಗಳು 32” ಎಂದು ಸಾರುವುದು. ಪ್ರತಿಯೊಂದು ಬಿಲ್ಲೆಯೂ ಸೊನ್ನೆಯಿಂದ 31ರೊಳಗೆ ಒಂದು ಸಂಖ್ಯೆಯನ್ನು ಮನಬಂದಂತೆ ಆರಿಸಿಕೊಳ್ಳುವುದು. ಸೊನ್ನೆ ಬಂದದ್ದು ಒಡನೆ ಉತ್ತರಿಸುವುದು. ಆದರೆ ತನ್ನ ಪೂರ್ಣ ಗುರುತನ್ನು ಹೇಳದೆ, ಒಂದು ತಾತ್ಕಾಲಿಕ ಸಂಖ್ಯೆಯನ್ನು ಮಾತ್ರ ಹೇಳುವುದು. ಯಂತ್ರವು ಅದನ್ನೇ ತಿರುಗಿ ಉಚ್ಚರಿಸಿದರೆ, ಆ ಬಿಲ್ಲೆಯು ತನ್ನ ನಿಜ ಗುರುತನ್ನು ತಿಳಿಸಿ ಮುಂದೆ ಮೌನವಾಗಿರುವುದು. ಬಳಿಕ ಯಂತ್ರದ ಸನ್ನೆಯಂತೆ ಮಿಕ್ಕವು ತಮ್ಮ ಸಂಖ್ಯೆಯಲ್ಲಿ ಒಂದೊಂದನ್ನು ಕಳೆಯುತ್ತಾ ಬರುವುವು. ಎರಡಕ್ಕೆ ಒಂದೇ ಸರದಿ ಬಂದು ಗದ್ದಲವಾದರೆ, ಅವು ಮುಂದಿನ ಸುತ್ತಿಗೆ ಕಾಯಬೇಕು.

ಬಿಲ್ಲೆಗಳೂ 32 ಇದ್ದರೆ, ಸರಾಸರಿಯಲ್ಲಿ ಸುಮಾರು 12 ಸರದಿಗಳಲ್ಲಿ ಒಂದೊಂದೇ ಧ್ವನಿ ಸ್ಪಷ್ಟವಾಗಿ ಕೇಳಿಸುವುದು. ಸುಮಾರು 12 ಸರದಿಗಳು ಬರಿದಾಗಿ ಹೋಗುವುವು. ಉಳಿದ ಎಂಟರಲ್ಲಿ ಇಪ್ಪತ್ತು ಬಿಲ್ಲೆಗಳು ಗದ್ದಲವೆಬ್ಬಿಸುವುವು. ಗದ್ದಲವು ಹೆಚ್ಚಾದರೆ ಯಂತ್ರವು ಸರದಿಗಳನ್ನು ಹೆಚ್ಚಿಸುವುದು, ಬರಿದಾದವು ಹೆಚ್ಚಾದರೆ ತಗ್ಗಿಸುವುದು. ಹೀಗೆ ಸುತ್ತಿನ ಮೇಲೆ ಸುತ್ತು ನಡೆದರೂ ಎಲ್ಲವೂ ಕ್ಷಣಮಾತ್ರದಲ್ಲಿ ತೀರುವುದು.

ಅನೇಕ ಪುಸ್ತಕಾಲಯಗಳ ಪುಸ್ತಕಗಳಲ್ಲಿರುವ ಬಿಲ್ಲೆಗಳಿಗೆ ಬೇರೊಂದು ಕ್ರಮವುಂಟು. ಅಲ್ಲಿ ಅದೃಷ್ಟದ ಚೀಟಿಯಿಲ್ಲ. ಪ್ರತಿಯೊಂದು ಬಿಲ್ಲೆಗೂ ಸೊನ್ನೆ ಮತ್ತು ಒಂದುಗಳಿಂದಾದ 64 ಸ್ಥಾನಗಳ ಸ್ವಂತ ಸಂಖ್ಯೆಯಿದೆ. ಅದರ ಒಂದು ತುದಿಯ ನಾಲ್ಕು ಸ್ಥಾನಗಳಿಗೆ ತಕ್ಕಂತೆ ಅವು 16 ಸರದಿಗಳಲ್ಲಿ ಉತ್ತರಿಸುವುವು. ಯಾವ ಸರದಿಯಲ್ಲಿ ಗದ್ದಲವಾಯಿತೋ ಆ ಗುಂಪನ್ನು ಮಾತ್ರ ಯಂತ್ರವು ಮುಂದಿನ ನಾಲ್ಕು ಸ್ಥಾನಗಳಿಗನುಸಾರವಾಗಿ ಪುನಃ ವಿಂಗಡಿಸುವುದು. ಎರಡು ಬಿಲ್ಲೆಗಳಿಗೆ ಪೂರ್ತಿ ಒಂದೇ ಸಂಖ್ಯೆ ಇರುವುದಿಲ್ಲವಾದುದರಿಂದ ಕಡೆಗೆ ಪ್ರತಿಯೊಂದೂ ಬೇರೆಯಾಗಲೇಬೇಕು.

ಈ ಎರಡು ಕ್ರಮಗಳಲ್ಲಿಯೂ ಗಮನಿಸತಕ್ಕ ಅಂಶವೊಂದುಂಟು. ಯಂತ್ರವು ಗದ್ದಲವನ್ನು ತಿರಸ್ಕರಿಸುವುದಿಲ್ಲ. ‘ಎಣಿಕೆಗೆ ಬಾರದವರು ಇನ್ನೂ ಇದ್ದಾರೆ’ ಎಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ತೆಗೆದುಕೊಂಡು ಮತ್ತೆ ಕೇಳುವುದು. ಆದರೆ ಮೌನದಲ್ಲಿ ಅದು ಮೋಸಹೋಗಬಹುದು. ಲೋಹವು ಅಲೆಯನ್ನು ತಡೆಯುವುದು; ನೀರೂ ರಕ್ತವೂ ಅದನ್ನು ಕುಂದಿಸುವುವು; ಹೀಗೆ ಮರೆಯಾದ ಬಿಲ್ಲೆಯು ಅಲ್ಲೇ ಇದ್ದರೂ ಉತ್ತರ ಕೊಡಲಾರದು. ಆದುದರಿಂದಲೇ ಯಂತ್ರವಿರುವಲ್ಲಿಯೂ ದಾದಿಯು ಕೈಯೆಣಿಕೆಯನ್ನು ಬಿಡಬಾರದು.

ನೂರರಲ್ಲಿ ತೊಂಬತ್ತೊಂಬತ್ತು ಕುರಿಗಳು ಸಿಕ್ಕಿದವೆಂದು ತೃಪ್ತನಾಗದ ಕುರುಬನ ಸಾಮ್ಯವನ್ನು ನಾವು ಈ ಶಾಲೆಯ ಬೆಂಚುಗಳ ಮೇಲೆಯೇ ಕಲಿತೆವು. ಉತ್ತರ ಬಾರದವಳನ್ನು ಗೈರುಹಾಜರೆಂದು ಬರೆಯುವ ಮೊದಲು ಇನ್ನೊಮ್ಮೆ ಕರೆದು ನೋಡುವ ಉಪಾಧ್ಯಾಯಿನಿಯವರನ್ನೂ ಇಲ್ಲಿಯೇ ಕಂಡೆವು. ಒಳ್ಳೆಯ ಎಣಿಕೆಯ ಗುಟ್ಟು ಇಂದಿಗೂ ಅದೇ ಆಗಿದೆ.