ಬಣ್ಣದ ಬೆವರು: ಹೆದರಿಕೆ ಬೇಡ, ಪರೀಕ್ಷೆ ಬೇಕು

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಹತ್ತನೇ ತರಗತಿಯಲ್ಲಿ ಓದುತ್ತಿದ್ದ ಮಗಳನ್ನು ನನ್ನ ಬಳಿಗೆ ಕರೆತಂದಿದ್ದರು. ಹುಡುಗಿಯ ಎರಡೂ ಕೆನ್ನೆಗಳ ಮೇಲೆ ಸೂಜಿಮೊನೆಯಷ್ಟು ಸಣ್ಣ ನೀಲಿಗಪ್ಪು ಚುಕ್ಕೆಗಳು. ಒರೆಸಿದರೆ ಕರವಸ್ತ್ರಕ್ಕೆ ಶಾಯಿಯಂತೆ ಹತ್ತುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಜಾಗದಲ್ಲಿ ಚುಕ್ಕೆ! ಪೆನ್ನಿನ ಶಾಯಿ ಬಳಿದುಕೊಂಡು ನಾಟಕವಾಡುತ್ತಾಳೆ ಎಂದು ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಗೇಲಿ. ನೆಂಟರೊಬ್ಬರು ‘ಗಾಳಿ ಸೋಕಿದೆ’ ಎಂದು ತಾಯಿತವನ್ನೂ ಕಟ್ಟಿಸಿದ್ದರು. ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಹುಡುಗಿಯ ಕೆನ್ನೆ ತರಚಿ ಹೋಗಿತ್ತು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಬಣ್ಣದ ಬೆವರು ಎಂಬುದು ನಿಜವಾಗಿಯೂ ಇದೆ. ವೈದ್ಯಕೀಯದಲ್ಲಿ ಇದನ್ನು ‘ಕ್ರೋಮ್‌ಹೈಡ್ರೋಸಿಸ್’ ಎನ್ನುತ್ತಾರೆ. ಬಹಳ ಅಪರೂಪದ್ದಾದ್ದರಿಂದ ಮನೆಯವರಿಗೆ ನಂಬಿಕೆ ಬರುವುದಿಲ್ಲ. ಕೆಲವೊಮ್ಮೆ ವೈದ್ಯರಿಗೂ ತಕ್ಷಣ ಹೊಳೆಯುವುದಿಲ್ಲ.

ಬೆವರಿಗೆ ಬಣ್ಣ ಎಲ್ಲಿಂದ?

ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಬಗೆಯ ಬೆವರು ಗ್ರಂಥಿಗಳಿವೆ. ಒಂದು ಎಕ್ರೈನ್. ಸುಮಾರು 20ರಿಂದ 40 ಲಕ್ಷದಷ್ಟಿರುವ ಇವು ಮೈಯೆಲ್ಲ ಹರಡಿಕೊಂಡು, ನೀರಿನಂಥ ಬೆವರು ಸುರಿಸಿ ದೇಹವನ್ನು ತಂಪಾಗಿಡುತ್ತವೆ. ಇನ್ನೊಂದು ಅಪೋಕ್ರೈನ್. ಇವು ಕಂಕುಳು, ಮೊಲೆತೊಟ್ಟಿನ ಸುತ್ತ, ಜನನಾಂಗದ ಭಾಗಗಳಲ್ಲಿ ಹೆಚ್ಚು. ಕೆಲವರಿಗೆ ಮುಖದಲ್ಲೂ ಇರುತ್ತವೆ. ಹುಟ್ಟಿನಿಂದಲೇ ಇದ್ದರೂ ಇವು ಕೆಲಸ ಆರಂಭಿಸುವುದು ಹರೆಯ ಬಂದ ಮೇಲೆ.

ಅಪೋಕ್ರೈನ್ ಗ್ರಂಥಿಯಲ್ಲಿ ‘ಲಿಪೋಫಸ್ಕಿನ್’ ಎಂಬ ವರ್ಣದ್ರವ್ಯ ಹೆಚ್ಚಾಗಿ ಸೇರಿಕೊಂಡಾಗ ಬೆವರು ಹಳದಿ, ಹಸಿರು, ನೀಲಿ, ಕಂದು ಅಥವಾ ಕಪ್ಪಾಗುತ್ತದೆ. ಭಯ, ಸಿಟ್ಟು, ಪರೀಕ್ಷೆಯ ಆತಂಕ, ಸೆಕೆ, ವ್ಯಾಯಾಮ ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ಬೈದಷ್ಟೂ ಬಣ್ಣ ಹೆಚ್ಚಾಗಲು ಇದೇ ಕಾರಣ.

ಎಕ್ರೈನ್ ಬೆವರಿಗೆ ಬಣ್ಣ ಬರುವುದು ಸಾಮಾನ್ಯವಾಗಿ ಹೊಟ್ಟೆಗೆ ಹೋದ ವಸ್ತುವಿನಿಂದ, ಅಂದರೆ ಕೆಲವು ಔಷಧ ಅಥವಾ ಆಹಾರದ ಬಣ್ಣದಿಂದ. ಮೂರನೆಯದು ‘ಹುಸಿ’ ಬಣ್ಣದ ಬೆವರು. ಇಲ್ಲಿ ಗ್ರಂಥಿಯಿಂದ ಬರುವ ಬೆವರು ತಿಳಿಯಾಗಿಯೇ ಇರುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ, ಶಿಲೀಂಧ್ರ ಅಥವಾ ಹೊಸ ಬಟ್ಟೆಯ ಬಣ್ಣ ಅದರಲ್ಲಿ ಬೆರೆಯುತ್ತದೆ. ಕಂಕುಳಿನ ಕೂದಲಿಗೆ ಹಳದಿ ಅಥವಾ ಕೆಂಪು ಮೆತ್ತಿಕೊಂಡಂತೆ ಕಾಣುವುದು ಹೆಚ್ಚಾಗಿ ಬ್ಯಾಕ್ಟೀರಿಯಾದ ಕೆಲಸ.

ಆದ್ದರಿಂದ ನಾಲ್ಕೈದು ವರ್ಷದ ಮಗುವಿನಲ್ಲಿ ಬಣ್ಣದ ಬೆವರು ಕಂಡರೆ ಮೊದಲು ಔಷಧ, ಬಟ್ಟೆ, ಸೋಂಕುಗಳತ್ತ ನೋಡಬೇಕು. ಹರೆಯದವರಲ್ಲಿ ಅಪೋಕ್ರೈನ್ ಕಾರಣವನ್ನೂ ಯೋಚಿಸಬೇಕು.

ಮಾತ್ರೆ ನಿಲ್ಲಿಸಬೇಡಿ

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಔಷಧ ಮೂತ್ರ, ಕಣ್ಣೀರು, ಬೆವರುಗಳನ್ನು ಕಿತ್ತಳೆಗೆಂಪು ಮಾಡುತ್ತದೆ. ಬಾಲಕನೊಬ್ಬನ ಬಿಳಿ ಬನಿಯನ್ ಕೆಂಪಾದದ್ದನ್ನು ಕಂಡು, ರಕ್ತವೇ ಬೆವರಾಗಿ ಬರುತ್ತಿದೆ ಎಂದು ಹೆದರಿ, ಮನೆಯವರು ಎಂಟು ದಿನ ಮಾತ್ರೆ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಈ ಬಣ್ಣದಿಂದ ಯಾವ ಅಪಾಯವೂ ಇಲ್ಲ. ಮಾತ್ರೆ ನಿಲ್ಲಿಸುವುದರಲ್ಲಿ ಅಪಾಯವಿದೆ. ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು, ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಬಹುದು. ಕುಷ್ಠರೋಗಕ್ಕೆ ಕೊಡುವ ಕ್ಲೊಫಾಜಿಮಿನ್ ಕೂಡ ಚರ್ಮ ಮತ್ತು ಬೆವರಿಗೆ ಕೆಂಪು ಛಾಯೆ ತರುತ್ತದೆ. ಸಂಶಯ ಬಂದರೆ ವೈದ್ಯರನ್ನು ಕೇಳಿ. ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.

ಪತ್ತೆ ಹೇಗೆ?

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮಗುವಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ಒಗೆದ ಬಿಳಿ ಹತ್ತಿ ಬಟ್ಟೆಯನ್ನೇ ಎರಡು ದಿನ ತೊಡಿಸಿ. ಬಣ್ಣ ಮತ್ತೆ ಬರದಿದ್ದರೆ ದೋಷ ಬಹುಶಃ ಹೊಸ ಬಟ್ಟೆಯದು. ಬಂದರೆ ಎಲ್ಲಿ, ಯಾವಾಗ, ಯಾವ ಬಣ್ಣ ಎಂದು ಬರೆದಿಡಿ. ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಯೊಂದಿಗೆ, ಕಲೆಯಾದ ಬಟ್ಟೆಯನ್ನೂ ವೈದ್ಯರಿಗೆ ತೋರಿಸಿ.

ಚರ್ಮರೋಗ ತಜ್ಞರು ವುಡ್ಸ್ ಲ್ಯಾಂಪ್ ಎಂಬ ಅತಿನೇರಳೆ ದೀಪದಲ್ಲಿ ಚರ್ಮವನ್ನು ನೋಡುತ್ತಾರೆ. ಲಿಪೋಫಸ್ಕಿನ್ ಇದ್ದರೆ ಹಳದಿಯಾಗಿ ಹೊಳೆಯಬಹುದು. ಕಪ್ಪು, ಕಂದು ಬೆವರು ಹೊಳೆಯದೆಯೂ ಇರಬಹುದು. ಸೋಂಕಿನ ಅನುಮಾನವಿದ್ದರೆ ಬೆವರಿನ ಕಲ್ಚರ್, ಕೆಲವೊಮ್ಮೆ ಚರ್ಮದ ಚೂರಿನ ಬಯಾಪ್ಸಿ ಬೇಕಾಗುತ್ತದೆ. ಬೆವರು ಕೆಂಪಾಗಿದ್ದರೆ ಸೂಕ್ಷ್ಮದರ್ಶಕದಲ್ಲಿ ರಕ್ತಕಣಗಳಿಗಾಗಿ ಹುಡುಕಬೇಕು. ನಿಜಕ್ಕೂ ರಕ್ತ ಬೆರೆಯುವ ‘ಹೆಮಟೋಹೈಡ್ರೋಸಿಸ್’ ಇನ್ನೂ ಅಪರೂಪ. ಆಗ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳೂ ಅಗತ್ಯ.

ಕಣ್ಣು ಹಳದಿಯಾಗಿದ್ದರೆ, ಮೂತ್ರ ಸ್ವಲ್ಪ ಹೊತ್ತು ಬಿಟ್ಟಾಗ ಕಪ್ಪಾಗುತ್ತಿದ್ದರೆ, ಬೇರೆಡೆ ರಕ್ತಸ್ರಾವವಿದ್ದರೆ ತಡಮಾಡಬೇಡಿ. ಕಾಮಾಲೆ ಅಥವಾ ಆಲ್ಕಾಪ್ಟೋನೂರಿಯಾ ಎಂಬ ಹುಟ್ಟುದೋಷ ಕಾರಣವಾಗಿರಬಹುದು.

ಚಿಕಿತ್ಸೆ ಏನು?

ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಬ್ಯಾಕ್ಟೀರಿಯಾ ಇದ್ದರೆ ಎರಿಥ್ರೋಮೈಸಿನ್ ಅಥವಾ ಕ್ಲಿಂಡಾಮೈಸಿನ್‌ನಂಥ ಲೇಪನ ಸಾಕಾಗುತ್ತದೆ. ಕಂಕುಳಾದರೆ ಕೂದಲು ತೆಗೆದು ಶುಚಿಯಾಗಿಡಬೇಕು. ಬಟ್ಟೆಯ ಬಣ್ಣವಾದರೆ ಬಟ್ಟೆ ಬದಲಿಸಿದರಾಯಿತು.

ಅಪೋಕ್ರೈನ್ ಬಗೆಯನ್ನು ಪೂರ್ತಿ ಗುಣಪಡಿಸುವ ಮದ್ದು ಇಲ್ಲ, ಆದರೆ ಹತೋಟಿಯಲ್ಲಿಡಬಹುದು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮು ಕೆಲವರಿಗೆ ಒಳ್ಳೆಯ ಫಲ ಕೊಡುತ್ತದೆ. ನಿಲ್ಲಿಸಿದರೆ ಬಣ್ಣ ಮರಳುವುದುಂಟು. ಹಾಗೆಂದು ಮನೆಯ ಮೆಣಸಿನಪುಡಿ ಹಚ್ಚಿ ಮುಖ ಸುಟ್ಟುಕೊಳ್ಳಬೇಡಿ! ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೆಲವು ತಿಂಗಳ ಮಟ್ಟಿಗೆ ನೆರವಾಗಬಹುದು. ವಯಸ್ಸಾದಂತೆ ಈ ಗ್ರಂಥಿಗಳು ಕುಗ್ಗಿ ಬಣ್ಣವೂ ಕಡಿಮೆಯಾಗುತ್ತದೆ. ಇದು ಅಂಟುರೋಗವಲ್ಲ, ಇದರಿಂದ ಜೀವಕ್ಕೂ ಅಪಾಯವಿಲ್ಲ.

ಆ ಹುಡುಗಿಗೆ ತಜ್ಞರು ಮುಲಾಮು ಕೊಟ್ಟರು. ಚುಕ್ಕೆಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಆದರೆ ಅದಕ್ಕೂ ಮೊದಲೇ, ‘ನಿಮ್ಮ ಮಗಳು ಹೇಳಿದ್ದು ನಿಜ’ ಎಂದು ತಾಯಿಗೆ ನಾನು ಹೇಳಿದ ದಿನವೇ, ಅವಳು ತಲೆ ಎತ್ತಿ ಕುಳಿತಿದ್ದಳು. ನಿಮ್ಮ ಮನೆಯ ಮಗು ಇಂಥ ವಿಚಿತ್ರ ತೊಂದರೆ ಹೇಳಿಕೊಂಡರೆ ಬೈಯುವ ಮೊದಲು ಒಂದು ಬಿಳಿ ಕರವಸ್ತ್ರ ತೆಗೆದುಕೊಂಡು ಒರೆಸಿ ನೋಡಿ. ಆಮೇಲೆ ವೈದ್ಯರ ಬಳಿ ಬನ್ನಿ.