ಡರ್ಟ್ ಬೈಕಿಗೆ ನಂಬರ್ ಸಿಗುತ್ತದೆಯೇ?

ಡರ್ಟ್ ಬೈಕ್ ಎಂದರೆ ಮಣ್ಣು, ಮರಳು, ಗುಡ್ಡದ ದಾರಿಗೆಂದೇ ತಯಾರಾದ ಬೈಕ್. ತೂಕ ಕಡಿಮೆ, ಸೀಟು ಎತ್ತರ, ಬಟನ್ ಟೈರ್. ಹೆಡ್‌ಲೈಟ್, ಹಾರ್ನ್, ಕನ್ನಡಿ, ಇಂಡಿಕೇಟರ್ ಸಾಮಾನ್ಯವಾಗಿ ಇರುವುದಿಲ್ಲ. "ಅದನ್ನೆಲ್ಲ ಗ್ಯಾರೇಜಿನಲ್ಲಿ ಹಾಕಿಸಿಕೊಂಡರೆ ರೋಡಿಗೆ ಇಳಿಸಬಹುದಲ್ವಾ?" ಎಂಬುದು ನಮ್ಮ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ. ಈ ಆಸೆ ಹುಟ್ಟುವುದು ಹೆಚ್ಚಾಗಿ ಅಮೆರಿಕದ ವಿಡಿಯೋಗಳಿಂದ. ಅಲ್ಲಿನ ಕೆಲವು ರಾಜ್ಯಗಳಲ್ಲಿ ಲೈಟು, ಹಾರ್ನು, ಕನ್ನಡಿ, ರಸ್ತೆಯ ಟೈರು ಹಾಕಿಸಿ, ತಪಾಸಣೆ ಮಾಡಿಸಿ, ನಂಬರ್ ಪಡೆಯಲು ದಾರಿ ಇದೆ. ನಮ್ಮಲ್ಲಿ ಆ ದಾರಿ ಇಲ್ಲ.

ಯಾಕೆಂದರೆ ನಮ್ಮಲ್ಲಿ ಬೈಕಿಗೆ ರಸ್ತೆಯ ಅರ್ಹತೆ ಸಿಗುವುದು ಗ್ಯಾರೇಜಿನಲ್ಲಿ ಅಲ್ಲ, ಕಂಪನಿಯಲ್ಲಿ. ಹೊಸ ಮಾದರಿಯೊಂದನ್ನು ಮಾರುವ ಮೊದಲು ತಯಾರಕರು ಅದನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕು. ಬ್ರೇಕು, ಲೈಟು, ಹೊಗೆ, ಸದ್ದು ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಬಿಎಸ್-6 ಹೊಗೆ ಮಿತಿ 2020ರ ಏಪ್ರಿಲ್‌ನಿಂದ ಕಡ್ಡಾಯ. 125 ಸಿಸಿ ಮೀರಿದ ಬೈಕಿಗೆ ಎಬಿಎಸ್ ಬೇಕು. ಹೀಗೆ ಪಾಸಾದ ಮಾದರಿಯ ಪ್ರತಿ ಬೈಕಿಗೂ ಕಂಪನಿ ಫಾರ್ಮ್ 22 ಎಂಬ ಪ್ರಮಾಣಪತ್ರ ಕೊಡುತ್ತದೆ. ನೋಂದಣಿಗೆ ಆರ್‌ಟಿಒ ಕೇಳುವುದು ಇದನ್ನೇ. ಡರ್ಟ್ ಬೈಕಿಗೆ ಆ ಕಾಗದ ಇಲ್ಲ. ನೀವು ಎಷ್ಟೇ ಒಳ್ಳೆಯ ಎಲ್‌ಇಡಿ ಲೈಟ್ ಹಾಕಿಸಿದರೂ ಮೆಕ್ಯಾನಿಕ್ ಅಣ್ಣ ಫಾರ್ಮ್ 22 ಕೊಡಲಾರ.

ಒಂದು ಉದಾಹರಣೆ ನೋಡಿ. ಕವಾಸಾಕಿಯವರ ಕೆಎಲ್ಎಕ್ಸ್ 230 ಮತ್ತು ಕೆಎಲ್ಎಕ್ಸ್ 230ಆರ್ ಎಸ್ ಎರಡೂ ಭಾರತದಲ್ಲಿ ಮಾರಾಟಕ್ಕೆ ಬಂದಿವೆ. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಮೊದಲನೆಯದಕ್ಕೆ ನಂಬರ್ ಪ್ಲೇಟ್ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಕೊಳ್ಳುವಾಗ ಹೆಸರಿನ ಬಾಲವನ್ನೂ ಓದಬೇಕು!

ಇನ್ನು ಕೆಲವರದು ಉಲ್ಟಾ ಲೆಕ್ಕ. ಆರ್‌ಸಿ ಇರುವ ಹಳೆಯ ಬೈಕನ್ನು ಬಿಚ್ಚಿ, ಫೋರ್ಕ್ ಬದಲಿಸಿ, ಚಾಸಿಸ್ ಕತ್ತರಿಸಿ, ಸೈಲೆನ್ಸರ್ ಕಿತ್ತು ಡರ್ಟ್ ಬೈಕ್ ಮಾಡುವುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಅಡ್ಡ ಬರುತ್ತದೆ: ಆರ್‌ಸಿಯಲ್ಲಿರುವ ವಿವರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕ ಬದಲಾವಣೆ ಮಾಡುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅಂಗವಿಕಲರ ಅನುಕೂಲಕ್ಕಾಗಿ ವಾಹನ ಬದಲಿಸಲು ಕಾನೂನೇ ಅವಕಾಶ ಕೊಟ್ಟಿದೆ. ನಮ್ಮ ಖುಷಿಗಾಗಿ ಕೊಟ್ಟಿಲ್ಲ. ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ.

ದಂಡವನ್ನು ಹೇಗೋ ಕಟ್ಟಬಹುದು. ನಿಜವಾದ ಕಷ್ಟ ಬರುವುದು ಯಾರಿಗಾದರೂ ಗುದ್ದಿದಾಗ. ನೋಂದಣಿಯಾಗದ ಡರ್ಟ್ ಬೈಕಿಗೆ ರಸ್ತೆಯ ಥರ್ಡ್ ಪಾರ್ಟಿ ವಿಮೆ ಇರುವುದಿಲ್ಲ. ವಿಮೆ ಇದ್ದರೆ ಗಾಯಗೊಂಡವರಿಗೆ ಕಂಪನಿ ಪರಿಹಾರ ಕೊಡುತ್ತದೆ. ಇಲ್ಲದಿದ್ದರೆ ಅದು ಬೈಕಿನ ಮಾಲೀಕರ ತಲೆಗೆ. ಕೋರ್ಟ್ ಲಕ್ಷಗಟ್ಟಲೆ ಪರಿಹಾರ ಬರೆದರೆ ಮನೆಯ ಉಳಿತಾಯ ಹೋಗುತ್ತದೆ. ಆ ದುಡ್ಡೂ ಇಲ್ಲದ ಮನೆಯಾದರೆ, ಕಾಲು ಮುರಿದುಕೊಂಡ ಆ ಪಾದಚಾರಿಗೆ ಏನೂ ಸಿಗುವುದಿಲ್ಲ.

ಪಿಯುಸಿಯವರು ಗಮನಿಸಬೇಕಾದ ಇನ್ನೊಂದು ಕಲಂ 199ಎ. ಗೇರ್ ಬೈಕಿನ ಲೈಸೆನ್ಸ್‌ಗೆ 18 ತುಂಬಿರಬೇಕು. 16 ತುಂಬಿದವರಿಗೆ 50 ಸಿಸಿ ಮೀರದ ಗಾಡಿ ಮಾತ್ರ. 18 ತುಂಬದವರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮಗೆ ಗೊತ್ತಿಲ್ಲದೆ ನಡೆಯಿತು ಎಂದು ಹೇಳಿ ಪೋಷಕರು ಪಾರಾಗಬಹುದು, ಆದರೆ ಸಾಬೀತು ಮಾಡುವ ಹೊಣೆ ಅವರದೇ. ಅಪ್ಪ ಗಲ್ಫ್‌ನಲ್ಲಿ, ಗಾಡಿ ಅಮ್ಮನ ಹೆಸರಿನಲ್ಲಿ ಎಂದಾದರೆ ಕೋರ್ಟಿಗೆ ಅಲೆಯುವುದು ಅಮ್ಮ.

"ರೋಡಿಗೆ ಹೋಗಲ್ಲ, ಬೀಚಿನಲ್ಲಿ ಮಾತ್ರ" ಎನ್ನುವವರೂ ಇದ್ದಾರೆ. ಕಾಯ್ದೆಯ ಪ್ರಕಾರ ಜನರಿಗೆ ಹೋಗಿಬರುವ ಹಕ್ಕಿರುವ ಜಾಗವೆಲ್ಲ ಸಾರ್ವಜನಿಕ ಸ್ಥಳವೇ. ಬೀಚು, ಊರಿನ ಆಟದ ಮೈದಾನ, ತೋಟದ ನಡುವಿನ ಊರದಾರಿ ಯಾವುದೂ ಬಿಟ್ಟುಹೋಗುವುದಿಲ್ಲ. ಡರ್ಟ್ ಬೈಕಿನ ಜಾಗ ಬೇಲಿ ಹಾಕಿದ ಟ್ರ್ಯಾಕ್. ಅಲ್ಲಿಗೂ ಪಿಕಪ್‌ನಲ್ಲಿ ಹೇರಿಕೊಂಡೇ ಹೋಗಬೇಕು. 2015ರಲ್ಲಿ ಡಾಕಾರ್ ರ್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಬಳಿ ಇಂಥದ್ದೇ ತರಬೇತಿ ತಾಣ ಕಟ್ಟಿದರು.

ರಸ್ತೆಯೂ ಬೇಕು, ಮಣ್ಣೂ ಬೇಕು ಎನ್ನುವವರಿಗೆ ಹೀರೋ ಎಕ್ಸ್‌ಪಲ್ಸ್, ಕೆಎಲ್ಎಕ್ಸ್ 230, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಇವೆ. ಶೋರೂಮಿನಿಂದಲೇ ನಂಬರ್ ಸಮೇತ ಬರುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮುಂಗಡ ಕೊಡುವ ಮೊದಲು ಆರ್‌ಸಿ ಕೇಳಿ, ಅದರ ಚಾಸಿಸ್ ಮತ್ತು ಎಂಜಿನ್ ನಂಬರನ್ನು ಬೈಕಿನ ಮೇಲೆ ಕೊರೆದದ್ದರ ಜೊತೆ ತಾಳೆ ನೋಡಿ, ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲೂ ಹಾಕಿ ನೋಡಿ. "ಕಾಗದ ಆಮೇಲೆ ಮಾಡಿಸಿಕೊಡ್ತೇನೆ" ಎಂದು ಮಾರುವವರು ಹೇಳಿದರೆ ಆ ಬೈಕ್ ಬೇಡ.