ಗೋಬರ್ ಗ್ಯಾಸ್: ದನ ಎಣಿಸಿದರೆ ಸಾಲದು, ಸಗಣಿ ತೂಗಬೇಕು

ಸಂಘದಲ್ಲಿ ಹಾಲು ಹಾಕುವಾಗ ಯಾವ ಸದಸ್ಯರೂ "ನಮ್ಮ ಮನೆಯಲ್ಲಿ ಮೂರು ಹಸು ಇವೆ, ಅದಕ್ಕೆ ತಕ್ಕ ದುಡ್ಡು ಕೊಡಿ" ಎಂದು ಕೇಳುವುದಿಲ್ಲ. ಹಾಲನ್ನು ಅಳೆಯುತ್ತಾರೆ, ಡಿಗ್ರಿ ನೋಡುತ್ತಾರೆ, ಜಿಡ್ಡು ನೋಡುತ್ತಾರೆ, ಆಮೇಲೆ ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ಅದೇ ಸದಸ್ಯರು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಲು ಹೊರಟಾಗ ಲೆಕ್ಕವೆಲ್ಲ ರಾಸುಗಳ ತಲೆ ಎಣಿಸುವುದರಲ್ಲೇ ಮುಗಿದುಹೋಗುತ್ತದೆ. "ಐದು ರಾಸು ಇವೆಯಾ? ಹಾಗಾದರೆ ನಾಲ್ಕು ಘನ ಮೀಟರಿನದು ಕಟ್ಟಿಸಿ." ಈ ತಪ್ಪನ್ನು ಬೇರೆಯವರ ಮೇಲೆ ಹೊರಿಸುವಂತಿಲ್ಲ. ಸೇವೆಗೆ ಸೇರಿದ ಹೊಸದರಲ್ಲಿ ನಾನೇ ಹಾಗೆ ಹೇಳಿದ್ದೇನೆ.

ಆ ಮನೆಯಲ್ಲಿ ಎರಡು ಮಿಶ್ರತಳಿ ಹಸು, ಒಂದು ನಾಟಿ ಹಸು, ಒಂದು ಜೊತೆ ಎತ್ತು ಇದ್ದವು. ರಾಸು ಒಂದಕ್ಕೆ 20 ಕೆ.ಜಿ. ಸಗಣಿ ಎಂದುಕೊಂಡು, ಐದಕ್ಕೆ 100 ಕೆ.ಜಿ. ಎಂದು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಸ್ಥಾವರ ಎದ್ದಿತು. ಆರು ತಿಂಗಳ ನಂತರ ಹಸುವಿಗೆ ಕೆಚ್ಚಲು ಬಾವು ಎಂದು ಕರೆದರು, ಹೋದೆ. ಔಷಧಿ ಕೊಟ್ಟು ಕೈ ತೊಳೆಯುತ್ತಿದ್ದಾಗ ಮನೆಯಾಕೆ ಹೇಳಿದರು: "ಡಾಕ್ಟ್ರೇ, ರಾತ್ರಿ ಮುದ್ದೆಗೆ ಎಸರಿಟ್ಟರೆ ಕುದಿ ಬರೋ ಹೊತ್ತಿಗೆ ಒಲೆ ಆರಿಹೋಗುತ್ತೆ. ನೀವು ದನ ಎಣಿಸಿದ್ರಿ, ಸಗಣಿ ತೂಗಲಿಲ್ಲ."

ಮರುದಿನ ಬೆಳಿಗ್ಗೆ ತೂಗಿದೆವು. ಕೊಟ್ಟಿಗೆಯಲ್ಲೇ ಇರುವ ಎರಡು ಮಿಶ್ರತಳಿ ಹಸುಗಳಿಂದ 30 ಕೆ.ಜಿ. ಉಳಿದ ಮೂರು ರಾಸುಗಳು ಹಗಲೆಲ್ಲ ಕೆರೆ ಅಂಗಳದಲ್ಲಿ, ಹೊಲದಲ್ಲಿ. ಅವುಗಳ ಸಗಣಿಯಲ್ಲಿ ಮನೆಗೆ ದಕ್ಕುತ್ತಿದ್ದುದು ರಾತ್ರಿ ಹಾಕಿದ್ದು ಮಾತ್ರ, ಮೂರರಿಂದ ಸೇರಿ 12 ಕೆ.ಜಿ. ಒಟ್ಟು 42. ನಾನು ಹೇಳಿದ್ದು 100. ಏಳು ಜನರ ಅಡಿಗೆ, ಮೇಲೆ ರಾಸುಗಳಿಗೆ ಬೇಯಿಸುವುದು ಬೇರೆ. ಅನಿಲ ಎಲ್ಲಿಂದ ಬರಬೇಕು? ಸ್ಥಾವರದ ಸಾಲದ ಕಂತು ಮಾತ್ರ ಪ್ರತಿ ಬಟವಾಡೆಯಲ್ಲೂ ತಪ್ಪದೆ ಮುರಿಯುತ್ತಿತ್ತು.

ಆದ್ದರಿಂದ ಲೆಕ್ಕವನ್ನು ಮೊದಲಿನಿಂದ ನೋಡೋಣ. ಗಣಿತ ಎಂದು ಹೆದರಬೇಕಾಗಿಲ್ಲ, ಹಾಲಿನ ಲೆಕ್ಕಕ್ಕಿಂತ ಇದು ಸುಲಭ.

ಒಂದು ಘನ ಮೀಟರ್ ಎಂದರೆ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು, ಅಂದರೆ 1000 ಲೀಟರ್ ಅನಿಲ. ಒಂದು ಕೆ.ಜಿ. ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಹಾಗಾದರೆ ಒಂದು ಘನ ಮೀಟರಿಗೆ 25 ಕೆ.ಜಿ. ಸಗಣಿ ಬೇಕು. ನಿಮ್ಮಲ್ಲಿರುವ ಸಗಣಿಯನ್ನು 25ರಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಭಾಗಾಕಾರ ಬೇಡವೆನಿಸಿದರೆ ನಾಲ್ಕರಿಂದ ಗುಣಿಸಿ, ಬಂದ ಸಂಖ್ಯೆಯಲ್ಲಿ ಬಲಗಡೆಯ ಎರಡು ಅಂಕಿಗಳ ಹಿಂದೆ ಒಂದು ಚುಕ್ಕಿ ಇಡಿ. 42 ಕೆ.ಜಿ.ಗೆ ನಾಲ್ಕರಿಂದ ಗುಣಿಸಿದರೆ 168. ಚುಕ್ಕಿ ಇಟ್ಟರೆ 1.68 ಘನ ಮೀಟರ್. ಆ ಮನೆಗೆ ಬೇಕಾಗಿದ್ದುದು ನಾಲ್ಕರದಲ್ಲ ಎಂದು ಶಾಲೆಗೆ ಹೋಗುವ ಹುಡುಗನೂ ಹೇಳಬಹುದಾಗಿತ್ತು.

ತೂಗುವುದನ್ನು ಒಂದು ದಿನಕ್ಕೆ ನಿಲ್ಲಿಸಬೇಡಿ. ಮಳೆ ಬಂದ ದಿನ, ಮೇವು ಬದಲಾದ ದಿನ, ರಾಸು ಬೆದೆಗೆ ಬಂದು ಮೇವು ಬಿಟ್ಟ ದಿನ ತೂಕ ಬೇರೆ ಬರುತ್ತದೆ. ಒಂದು ವಾರ ತೂಗಿ, ಕೂಡಿಸಿ, ಏಳರಿಂದ ಭಾಗಿಸಿ. ಉದಾಹರಣೆಗೆ ಒಂದು ಮನೆಯಲ್ಲಿ 58, 61, 55, 64, 60, 57, 65 ಕೆ.ಜಿ. ಬಂತು ಎನ್ನಿ. ಒಟ್ಟು 420, ಸರಾಸರಿ 60. ಅಂಗಳ ಸಾರಿಸಲು, ಇತರೆ ಬಳಕೆಗೆ 5 ಕೆ.ಜಿ. ತೆಗೆದರೆ 55. ನಾಲ್ಕರಿಂದ ಗುಣಿಸಿದರೆ 220, ಅಂದರೆ 2.2 ಘನ ಮೀಟರ್. ಇಂಥವರು 2 ಘನ ಮೀಟರಿನದು ಕಟ್ಟಿಸಬೇಕೇ ಹೊರತು 3ರದಲ್ಲ. ಸಾಧ್ಯವಾದರೆ ಬೇಸಿಗೆಯಲ್ಲಿ, ಮೇವು ಕಡಿಮೆ ಇರುವ ವಾರದಲ್ಲೇ ತೂಗಿ. ಸುಗ್ಗಿಯ ಲೆಕ್ಕ ಹಿಡಿದು ಕಟ್ಟಿಸಿದರೆ ಏಪ್ರಿಲ್‌ನಲ್ಲಿ ಒಲೆ ಕೈಕೊಡುತ್ತದೆ.

ದೊಡ್ಡದಿದ್ದರೆ ಮುಂದೆ ಉಪಯೋಗಕ್ಕೆ ಬರುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಸಹಾಯಧನವೂ ಗಾತ್ರಕ್ಕೆ ತಕ್ಕಂತೆ ಹೆಚ್ಚಾಗುವುದರಿಂದ ಆಸೆ ಹುಟ್ಟುವುದು ಸಹಜ. ಆದರೆ 1984ರಲ್ಲಿ ಬಂದ ದೀನಬಂಧು ಮಾದರಿಯಂತಹ ಗುಮ್ಮಟದ ಸ್ಥಾವರಗಳಲ್ಲಿ ಅನಿಲವನ್ನು ಒಲೆಗೆ ತಳ್ಳುವುದು ಒಳಗಿನ ಬಗ್ಗಡದ ಒತ್ತಡವೇ. ಅನಿಲ ತುಂಬಿದಂತೆ ಬಗ್ಗಡ ಮೇಲಕ್ಕೆ ಒತ್ತಿಸಿಕೊಂಡು ಹೊರತೊಟ್ಟಿಗೆ ಏರಬೇಕು. ಸಗಣಿ ಅರೆಹೊಟ್ಟೆಯಾದರೆ ಆ ಒತ್ತಡ ಬರುವುದಿಲ್ಲ, ಮೇಲೆ ಗಟ್ಟಿ ಕೆನೆಯೂ ಕಟ್ಟುತ್ತದೆ.

ಇನ್ನು ಖರ್ಚಿನ ಕಡೆ. ಅಡಿಗೆಗೆ ಒಬ್ಬರಿಗೆ ದಿನಕ್ಕೆ ಕಾಲು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. ಆರು ಜನಕ್ಕೆ ಒಂದೂವರೆಯಿಂದ 1.8. ಸ್ನಾನದ ಹಂಡೆ ಇದರಲ್ಲಿ ಸೇರಿಲ್ಲ. ಹಂಡೆಯ ನೀರಿಗೆ ಗೋಬರ್ ಗ್ಯಾಸ್ ಉರಿಸಿದರೆ ಮಧ್ಯಾಹ್ನದ ಅನ್ನಕ್ಕೆ ಏನೂ ಉಳಿಯದು. ದೀಪಕ್ಕೂ ಅಷ್ಟೆ. ಹಿಂದೆ ಮ್ಯಾಂಟಲ್ ಕಟ್ಟಿ ಗ್ಯಾಸ್ ದೀಪ ಉರಿಸುತ್ತಿದ್ದರು. ಅದು ಎರಡು ಗಂಟೆಗೆ ಒಬ್ಬರ ಒಂದು ದಿನದ ಅಡಿಗೆಯಷ್ಟು ಅನಿಲ ಕುಡಿಯುತ್ತಿತ್ತು. ಈಗ 9 ವ್ಯಾಟಿನ ಎಲ್.ಇ.ಡಿ. ಬಲ್ಬು ಒಂದು ಯೂನಿಟ್ ಕರೆಂಟಿನಲ್ಲಿ 111 ಗಂಟೆ ಉರಿಯುತ್ತದೆ (1000ವನ್ನು 9ರಿಂದ ಭಾಗಿಸಿ ನೋಡಿ). ಅನಿಲವನ್ನು ಅಡಿಗೆಗೇ ಇಟ್ಟುಕೊಳ್ಳಿ.

ಊರಿಗೆ ಊರೇ ಈ ಲೆಕ್ಕಕ್ಕೆ ತಲೆಬಾಗಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿದರು. ಎಲ್ಲ ಮನೆಗಳಿಗೂ ಅಡಿಗೆ ಅನಿಲ ಕೊಡಬೇಕೆಂಬುದು ಮೊದಲ ಯೋಚನೆ. ಸಿಕ್ಕ ಸಗಣಿ ಅದಕ್ಕೆ ಸಾಲಲಿಲ್ಲ. ಪಟ್ಟು ಹಿಡಿಯದೆ ದಾರಿ ಬದಲಿಸಿದರು: 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ, ಕೊಳವೆ ಬಾವಿಯಿಂದ ಕುಡಿಯುವ ನೀರೆತ್ತಿ ಮನೆಗಳಿಗೆ ಕೊಟ್ಟರು, ದೀಪ ಹಚ್ಚಿದರು. ನಮ್ಮ ಸದಸ್ಯರಿಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಅಲ್ಲಿ ಸಗಣಿ ತಂದವರಿಂದ ಅದನ್ನು ತೂಗಿ ತೆಗೆದುಕೊಂಡು ತೂಕಕ್ಕೆ ಹಣ ಕೊಡುತ್ತಿದ್ದರು, ಗೊಬ್ಬರವನ್ನು ಹಿಂದಕ್ಕೆ ಕೊಡುತ್ತಿದ್ದರು. ಥೇಟ್ ಹಾಲಿನ ಸಂಘದಂತೆಯೇ.

ಉಳಿತಾಯದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. 2 ಘನ ಮೀಟರಿನ ಸ್ಥಾವರದಿಂದ ದಿನಕ್ಕೆ 860 ಗ್ರಾಂ, ತಿಂಗಳಿಗೆ 25.8 ಕೆ.ಜಿ. ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ. ಅಂದರೆ ತಿಂಗಳಿಗೆ 1.8 ಸಿಲಿಂಡರ್ ಉಳಿಯಿತು ಎಂದು ಕಾಗದ ಹೇಳುತ್ತದೆ. ಆದರೆ ನೀವು ಈಗ ತಿಂಗಳಿಗೆ ಕೊಳ್ಳುವುದು ಒಂದೇ ಸಿಲಿಂಡರ್ ಆಗಿದ್ದರೆ ಉಳಿಯುವುದೂ ಒಂದರ ಹಣವೇ. ಲೆಕ್ಕಕ್ಕೆ ಸಿಲಿಂಡರಿಗೆ 900 ರೂ. ಎಂದೂ, ಸಹಾಯಧನ ಕಳೆದು ನಿಮ್ಮ ಕೈಯಿಂದ ಬಿದ್ದದ್ದು 40,000 ರೂ. ಎಂದೂ ಇಟ್ಟುಕೊಳ್ಳಿ. 1.8ರ ಲೆಕ್ಕದಲ್ಲಿ ಹಾಕಿದ ಹಣ ಸುಮಾರು 25 ತಿಂಗಳಿಗೆ ವಾಪಸು. ನಿಜವಾದ ಒಂದರ ಲೆಕ್ಕದಲ್ಲಿ 44 ತಿಂಗಳು, ಮೂರು ವರ್ಷ ಎಂಟು ತಿಂಗಳು. ಬಡ್ಡಿ ಬೇರೆ. ನಿಮ್ಮ ಊರಿನ ಇಂದಿನ ಬೆಲೆ ಹಾಕಿ ಮತ್ತೆ ಮಾಡಿ ನೋಡಿ.

ಸೌದೆಯಲ್ಲೇ ಅಡಿಗೆ ಮಾಡುವ ಮನೆಯಲ್ಲಿ ಕೈಗೆ ಬರುವ ದುಡ್ಡು ಇನ್ನೂ ಕಡಿಮೆ, ಸೌದೆಗೆ ಯಾರೂ ದುಡ್ಡು ಕೊಟ್ಟಿರುವುದಿಲ್ಲವಲ್ಲ. ಆದರೆ ಒಂದು ಘನ ಮೀಟರ್ ಅನಿಲ ಸುಮಾರು ಮೂರೂವರೆ ಕೆ.ಜಿ. ಸೌದೆಯ ಕೆಲಸ ಮಾಡುತ್ತದೆ. 2 ಘನ ಮೀಟರಿಗೆ ದಿನಕ್ಕೆ 7 ಕೆ.ಜಿ., ತಿಂಗಳಿಗೆ 210 ಕೆ.ಜಿ. ಅಷ್ಟು ಸೌದೆಯನ್ನು ತಲೆಯ ಮೇಲೆ ಹೊತ್ತು ತರುವವರು ಯಾರು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವವರು ಯಾರು? ಇನ್ನೊಂದು ಕಡೆ, 50 ಕೆ.ಜಿ. ಸಗಣಿಗೆ ಸರಿಸಮ 50 ಲೀಟರ್ ನೀರು ಬೆರೆಸಿ ಕಲಸಬೇಕು. ದಿನಕ್ಕೆ ಮೂರು-ನಾಲ್ಕು ಕೊಡ. ನಲ್ಲಿ ದೂರವಿದ್ದರೆ ಅದೂ ಹೆಚ್ಚಾಗಿ ಅವರ ಪಾಲಿಗೇ. ಆದ್ದರಿಂದ ಈ ಲೆಕ್ಕಕ್ಕೆ ಯಜಮಾನರೊಬ್ಬರೇ ಕೂರದೆ ಅಡಿಗೆ ಮಾಡುವವರನ್ನೂ ಕೂರಿಸಿಕೊಳ್ಳಬೇಕು.

ಸಗಣಿ ಹೊಲಕ್ಕೆ ತಪ್ಪಿಹೋಗುತ್ತದೆ ಎಂಬ ಭಯ ಬೇಡ. ಅನಿಲವಾಗಿ ಹೋಗುವುದು ಇಂಗಾಲದ ಅಂಶ. ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ಬೆರಣಿ ತಟ್ಟಿ ಉರಿಸಿದರೆ ಮಾತ್ರ ಅದು ಹೊಗೆಯಲ್ಲಿ ಹೋಗುತ್ತದೆ. ಬಗ್ಗಡವನ್ನು ಬಿಸಿಲಿಗೆ ಬಿಡದೆ ತಿಪ್ಪೆಯ ಕಸದ ಮೇಲೆ ಸುರಿದು ಮುಚ್ಚಿ.

ಪಶುವೈದ್ಯನಾಗಿ ಒಂದು ಮಾತು. ಸಗಣಿಯನ್ನು ಅನಿಲ ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಫಿನಾಯಿಲ್, ಸೋಪು ಹಾಕಿ ಕೊಟ್ಟಿಗೆ ತೊಳೆದ ನೀರನ್ನು ಕಲಸುವ ತೊಟ್ಟಿಗೆ ಬಿಡಬೇಡಿ. ರಾಸಿಗೆ ಆ್ಯಂಟಿಬಯೋಟಿಕ್ ಕೊಡುತ್ತಿದ್ದರೆ ಅದರ ಸಗಣಿಯನ್ನೂ ಆ ದಿನಗಳಲ್ಲಿ ಬೇರೆ ಹಾಕಿ.

ಕಟ್ಟಿಸುವ ಯೋಚನೆ ಇರುವವರು ಏಳು ದಿನದ ತೂಕವನ್ನು ಒಂದು ಚೀಟಿಯಲ್ಲಿ ಬರೆದು, ಮನೆಯ ಜನ ಎಷ್ಟು, ತಿಂಗಳಿಗೆ ಸಿಲಿಂಡರ್ ಎಷ್ಟು ಎಂಬುದನ್ನೂ ಸೇರಿಸಿ ಸಂಘದ ಕಾರ್ಯದರ್ಶಿಗಳ ಬಳಿ ಕೊಟ್ಟಿರಿ. ನಿಮ್ಮ ಊರಿಗೆ ಶಿಬಿರಕ್ಕೆ ಬಂದಾಗ ಜೊತೆಯಲ್ಲಿ ಕುಳಿತು ಭಾಗಿಸೋಣ. ಕೊಕ್ಕೆ ತಕ್ಕಡಿ ಇಲ್ಲದವರಿಗೆ ನನ್ನ ಜೀಪಿನಲ್ಲಿ ಒಂದು ಇರುತ್ತದೆ.